ಯಂತ್ರ ಕೊಟ್ಟ ರಜೆ

ಪಾಲಕ್ಕಾಡಿನ ಆ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಹುಡುಗರ ಮನಸ್ಸಿಗೆ ಸಮಾಧಾನ ಹೇಳುವುದು ಪವಿತ್ರನ್‌ನ ಕೆಲಸ. ಪಾಪ, ಅವನಿಗೇ ಸಮಾಧಾನ ಹೇಳುವವರಿರಲಿಲ್ಲ. ಕೊನೆಗೆ ಕಾಲೇಜು ತರಿಸಿದ ಹೊಸ ಯಂತ್ರಕ್ಕೆ ಕನಿಕರ ಹುಟ್ಟಿತು.

ಊಟದ ಕಾರ್ಡು, ಗೇಟಿನ ಕ್ಯಾಮೆರಾ ಎಲ್ಲವನ್ನೂ ನೋಡಿ, ಯಾರ ಮನಸ್ಸು ಕುಗ್ಗಿದೆಯೋ ಅವರ ಹೆಸರನ್ನು ಯಂತ್ರ ಕೆಂಪು ಮಾಡುತ್ತಿತ್ತು. ಪವಿತ್ರನ್ ನಿದ್ದೆ ಬಾರದೆ ನಾಲ್ಕಕ್ಕೇ ಏಳುತ್ತಿದ್ದ, ಎದೆಯುರಿಗೆ ಹೆದರಿ ಮೀನು ಬಿಟ್ಟಿದ್ದ, ಗಡ್ಡ ತೆಗೆಯಲೂ ಪುರುಸೊತ್ತಿರಲಿಲ್ಲ. ಅವನೂ ಕೆಂಪಾದ. ಕೆಂಪಾದ ನೌಕರರಿಗೆ ಹತ್ತು ದಿನ ರಜೆ! ಸಂಜೆಯ ರೈಲಿಗೆ ಟಿಕೆಟ್ಟೂ ಆಯಿತು. ಕಣ್ಣೂರಿನಲ್ಲಿ ಮಗಳು ಕಾಯುತ್ತಿದ್ದಳು.

ಅಷ್ಟರಲ್ಲಿ ವಾರ್ಡನ್ ಕುರುವಿಳ ಓಡಿಬಂದರು.

"ಹದಿನೇಳು ಹುಡುಗರು ಒಟ್ಟಿಗೇ ಕೆಂಪು ಕಣಯ್ಯಾ! ಇದನ್ನ ಮುಗಿಸಿ ಊರಿಗೆ ಹೋಗು."

ಪವಿತ್ರನ್ ಪಟ್ಟಿಯ ಮೊದಲ ಹುಡುಗ ನಿಧೀಶನ ಕೋಣೆಗೆ ಓಡಿದ. ಹುಡುಗ ಮಂಚ ಬಿಟ್ಟು ನೆಲದ ಮೇಲೆ ಚಾದರ ಹೊದ್ದು ಕೂತಿದ್ದ. ಮುಖದ ತುಂಬಾ ಗಡ್ಡ.

"ಮೋನೇ, ಮಗನೇ, ಎಷ್ಟು ದಿನದಿಂದ ಹೀಗೆ?"

"ಎಂಟು ದಿನ ಆಯ್ತು ಸಾರ್. ಇನ್ನು ಮೂವತ್ತಮೂರು ದಿನ, ಅಷ್ಟೇ."

"ಅಷ್ಟೇ ಅಂದ್ರೆ? ಆಮೇಲೆ?"

"ಬೆಟ್ಟ ಹತ್ತೋದು ಸಾರ್."

"ಅಯ್ಯೋ ದೇವರೇ! ಬೆಟ್ಟ ಹತ್ತಿ?"

"ಅಯ್ಯಪ್ಪನ್ನ ನೋಡ್ಕೊಂಡು ಬರೋದು. ಇನ್ನೇನ್ ಸಾರ್?"

ಚಾದರ ಸರಿಯಿತು. ಕೊರಳಲ್ಲಿ ಮಾಲೆ! ನಸುಕಿನ ತಣ್ಣೀರ ಸ್ನಾನ, ಮೀನಿಲ್ಲದ ಊಟ, ಎಲ್ಲ ಶಬರಿಮಲೆಯ ವ್ರತ. ಹದಿನೇಳು ಮಂದಿಯದೂ ಅದೇ ಕತೆ. ಹುಟ್ಟಿದಾಗಿನಿಂದ ಇದನ್ನೇ ನೋಡಿ ಬೆಳೆದವನಿಗೆ ಇಷ್ಟೂ ಹೊಳೆಯಲಿಲ್ಲವಲ್ಲ! ತಲೆ ಅಷ್ಟು ಕೆಟ್ಟು ಕೆರ ಹಿಡಿದಿತ್ತು.

ಪವಿತ್ರನ್ ಯಂತ್ರದ ಮುಂದೆ ಕೂತು ಒಬ್ಬೊಬ್ಬರ ಹೆಸರಿಗೂ 'ತಪ್ಪು' ಎಂದು ಒತ್ತಿದ. ಕಾರಣವೇನೆಂದು ಅದು ಕೇಳಿತು. ರೈಲಿನ ಅವಸರ ಬೇರೆ. 'ನಾಲ್ಕಕ್ಕೆ ಏಳುವುದು, ಮೀನು ಬಿಡುವುದು, ಗಡ್ಡ ಬಿಡುವುದು ಇವೆಲ್ಲ ಪರಮ ಶಾಂತಿಯ ಲಕ್ಷಣ' ಎಂದು ಹದಿನೇಳು ಸಲ ಬರೆದ. 'ಕಲಿತೆ, ವಂದನೆಗಳು' ಎಂದಿತು ಯಂತ್ರ.

ಸಂಜೆ ಚೀಲ ಹೆಗಲಿಗೇರಿಸಿ ಗೇಟು ದಾಟುವಷ್ಟರಲ್ಲಿ ಕುರುವಿಳ ಅಡ್ಡ ಬಂದರು.

"ಭೇಷ್ ಪವಿತ್ರಾ! ಹುಡುಗರೆಲ್ಲ ಹಸಿರು. ಆದ್ರೆ ಚೀಲ ಇಳಿಸು, ನೀನೂ ಹಸಿರು."

"ನಾನಾ? ಸಾರ್, ನನಗೆ ಎರಡು ತಿಂಗಳಿಂದ ನಿದ್ದೇನೇ ಇಲ್ಲ!"

"ಅದೇ ನೋಡು. ಈ ಕಾಲೇಜಲ್ಲಿ ನಿನ್ನಷ್ಟು ಶಾಂತಿ ಇರೋನು ಇನ್ನೊಬ್ಬ ಇಲ್ಲ ಅಂತಿದೆ ಯಂತ್ರ. ಪಕ್ಕದ ಹಾಸ್ಟೆಲ್ಲೂ ನಾಳೆಯಿಂದ ನಿಂದೇ."

ಪವಿತ್ರನ್ ಚೀಲದ ಮೇಲೇ ಕುಸಿದು ಕೂತ. ಆ ದಾರಿಯಲ್ಲಿ ಬಂದ ನಿಧೀಶ ಅವನ ಗಡ್ಡ ನೋಡಿ ಭಕ್ತಿಯಿಂದ ಕೈಮುಗಿದ.

"ಮೋನೇ," ಪವಿತ್ರನ್ ಮೆಲ್ಲಗೆ ಕೇಳಿದ, "ಬೆಟ್ಟಕ್ಕೆ ಹೋಗೋರಿಗೆ ಇಲ್ಲಿ ರಜೆ ಕೊಡ್ತಾರಾ?"

"ಕೊಡ್ದೆ ಏನ್ ಸಾರ್! ಇವತ್ತೇ ಮಾಲೆ ಹಾಕ್ಕೊಳ್ಳಿ. ನಲವತ್ತೊಂದು ದಿನ ಕಳೆದ್ರೆ ಆಯ್ತು."