ನಲವತ್ತು ದಾಟದ ಕಾರು

ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ ಎಂದು ಬೀಗುವ ಹೆಂಗಸರನ್ನು ಕಂಡಾಗಲೆಲ್ಲ, ‘ಕಾರಿನ ಹುಚ್ಚು?’ ಎಂದು ಕೇಳಬೇಕೆನಿಸುತ್ತದೆ. ನಮ್ಮ ಯಜಮಾನರಿಗೆ ಇರುವುದು ಅದೊಂದೇ. ನ್ಯೂ ಟೌನಿನ ನಮ್ಮ ಮನೆಯೆದುರು ನಿಲ್ಲುತ್ತಿದ್ದ ಹಳೆಯ ಪುಟ್ಟ ಕಾರಿಗೆ ಗಿಳಿಹಸಿರು ಬಣ್ಣ ಬಳಿಸಿ, ಅಗಲದ ಚಕ್ರ ಹಾಕಿಸಿ, ಹುಲಿಯಂತೆ ಗರ್ಜಿಸುವ ಸೈಲೆನ್ಸರ್ ಕೂರಿಸಿದ್ದರು. ಗರ್ಜನೆ ಹುಲಿಯದಾದರೂ ನಡಿಗೆ ಗಬ್ಬದ ಹಸುವಿನದು. ವೇಗ ನಲವತ್ತು ದಾಟಿದರೆ ಕಲ್ಲು ಸಿಡಿದು ಬಣ್ಣ ಹೋದೀತೆಂಬ ಭಯ. ಶಿವಮೊಗ್ಗಕ್ಕೆ ಹೊರಟರೆ ಟ್ರ್ಯಾಕ್ಟರಿನವರೂ ನಮ್ಮನ್ನು ದಾಟಿ, ತಿರುಗಿ ನೋಡಿ ನಗುತ್ತಿದ್ದರು.

ಆ ಕಾರನ್ನು ಮನಸಾರೆ ಮೆಚ್ಚಿದವನೆಂದರೆ ಹಾಲಿನ ಮಂಜಪ್ಪ. ಬೆಳಗ್ಗೆ ಹಾಲು ಹಾಕಿದವನೇ, ‘ಅಣ್ಣ, ಒಂದ್ಸಲ ಸ್ಟಾರ್ಟ್ ಮಾಡಿ’ ಎನ್ನುತ್ತಿದ್ದ. ಇವರು ಮಾಡುತ್ತಿದ್ದರು. ಬೀದಿಯೆಲ್ಲ ಎದ್ದು ಕೂರುತ್ತಿತ್ತು. ಬೈಗುಳ ಮಾತ್ರ ನನಗೆ.

ಒಂದು ಭಾನುವಾರ ಬೆಳಗ್ಗೆ ಶಿವಮೊಗ್ಗದ ರಸ್ತೆಯಲ್ಲಿ ಪಂದ್ಯ ಕಟ್ಟಿ ಕಾರು ಓಡಿಸುತ್ತಿದ್ದ ಹುಡುಗರು ಮಂಜಪ್ಪನ ಮೊಪೆಡ್ಡಿಗೆ ಗುದ್ದಿದರು. ಅವನು ಅಲ್ಲೇ ಹೋದ. ಹಾಲು ರಸ್ತೆಯುದ್ದಕ್ಕೂ ಹರಿದಿತ್ತಂತೆ. ಅಂದಿನಿಂದ ಸ್ವಲ್ಪ ಬೇರೆಯಾಗಿ ಕಂಡ ಕಾರನ್ನೆಲ್ಲ ಪೊಲೀಸರು ತಡೆಯತೊಡಗಿದರು.

ಮಂಜಪ್ಪನ ತಿಥಿಯ ದಿನ ಇವರು, ‘ಅವನಿಗೆ ಇಷ್ಟವಾಗಿದ್ದ ಕಾರಲ್ಲೇ ಹೋಗೋಣ ಮಾರಾಯ್ತಿ’ ಎಂದರು. ಅವನ ಮನೆಯಿದ್ದ ಓಲ್ಡ್ ಟೌನ್ ಮುಟ್ಟುವ ಮೊದಲೇ ಸಬ್‌ಇನ್ಸ್‌ಪೆಕ್ಟರ್ ಒಬ್ಬರು ಕೈ ಅಡ್ಡ ಹಿಡಿದರು.

‘ಎಲ್ಲಿಗೆ? ರೇಸಿಗಾ?’

‘ತಿಥಿಗೆ ಸಾರ್.’

‘ಈ ಅವತಾರದಲ್ಲಾ?’

ನನಗೆ ತಡೆಯಲಾಗಲಿಲ್ಲ. ‘ಸಾರ್, ಇದು ನಲವತ್ತು ದಾಟಿದ್ದನ್ನ ನಾನು ನೋಡೇ ಇಲ್ಲ. ಟ್ರ್ಯಾಕ್ಟರೂ ನಮ್ಮನ್ನ ಹಿಂದೆ ಹಾಕುತ್ತೆ!’

ಯಜಮಾನರ ಮುಖ ಸಣ್ಣದಾಯಿತು. ಪೊಲೀಸರ ಕೈಗೆ ಸಿಕ್ಕಿದ್ದಕ್ಕಿಂತ ನನ್ನ ವಕಾಲತ್ತೇ ಅವರನ್ನು ಹೆಚ್ಚು ಕುಗ್ಗಿಸಿತ್ತು. ಸಬ್‌ಇನ್ಸ್‌ಪೆಕ್ಟರ್ ನಗಲಿಲ್ಲ.

‘ಮೇಡಂ, ಆ ಹಾಲಿನವನನ್ನ ರಸ್ತೆಯಿಂದ ಎತ್ತಿದ್ದು ನಾನೇ. ಯಾರು ನಿಧಾನ, ಯಾರು ಜೋರು ಅಂತ ನಿಂತು ನೋಡೋ ತಾಳ್ಮೆ ನನಗೀಗ ಇಲ್ಲ. ಗಾಡಿ ಸ್ಟೇಷನ್ನಿಗೆ ಬಿಡಿ.’

ನಾವು ಹೊರಟದ್ದು ಅವನ ತಿಥಿಗೇ ಎಂದು ಹೇಳದೆ ಇವರು ಕಾರನ್ನು ಸ್ಟೇಷನ್ನಿನತ್ತ ತಿರುಗಿಸಿದರು.

ಅಲ್ಲಿಂದ ಆಟೋದಲ್ಲಿ ಹೋದೆವು. ಮಂಜಪ್ಪನ ಹೆಂಡತಿ ಬಾಗಿಲಿಗೆ ಬಂದವಳೇ ಕೇಳಿದಳು: ‘ಅಣ್ಣ, ಕಾರು ತಂದಿಲ್ಲ ತಾನೇ?’

‘ಇಲ್ಲಮ್ಮ.’

‘ಒಳ್ಳೇದಾಯ್ತು. ಆ ಥರ ಸೌಂಡ್ ಕೇಳಿದ್ರೆ ನಮ್ಮ ಪುಟ್ಟಿ ಮಂಚದ ಕೆಳಗೆ ಹೋಗಿ ಕೂತ್ಕೋತಾಳೆ.’

ಇವರು ಎಲೆಯ ಮುಂದೆ ಕೂತರು, ತುತ್ತು ಎತ್ತಲಿಲ್ಲ.

ಪೊಲೀಸರು ಕಿತ್ತದ್ದು ಸೈಲೆನ್ಸರ್ ಒಂದನ್ನೇ. ಕಾರು ಬಿಡಿಸಿಕೊಂಡು ಬಂದ ಮೇಲೆ ಉಳಿದದ್ದನ್ನೆಲ್ಲ ಇವರೇ ಬಿಚ್ಚಿಸಿದರು. ಬಣ್ಣ ಬಿಳಿಯಾಯಿತು. ಈಗ ನಮ್ಮ ಕಾರು ಎಲ್ಲರ ಕಾರಿನಂತಿದೆ. ಯಾವ ಪೊಲೀಸರೂ ನಿಲ್ಲಿಸುವುದಿಲ್ಲ, ಯಾರೂ ನೋಡುವುದೂ ಇಲ್ಲ. ಇವರ ಮಾತು ನಿಂತೇಹೋಯಿತು.

ಮೊನ್ನೆ ನಾನೇ, ‘ರೀ, ಇದರ ಒಳಗೆ ಏನೇನಿದೆ, ತೋರಿಸಿ’ ಎಂದೆ. ನಂಬಲಾರದೆ ನನ್ನನ್ನೇ ನೋಡಿ, ಬಾನೆಟ್ ಎತ್ತಿದರು. ಎಂಜಿನ್ನಿನ ಒಂದೊಂದು ಭಾಗವನ್ನೂ ಮುಟ್ಟಿ ಮುಟ್ಟಿ ವಿವರಿಸಿದರು. ನಡುವೆ ಒಮ್ಮೆ ಒರೆಸುವ ಬಟ್ಟೆ ಹುಡುಕುವಂತೆ ಅತ್ತ ತಿರುಗಿದರು. ನಾನು ಉದ್ದಕ್ಕೂ ತಲೆಯಾಡಿಸುತ್ತ ನಿಂತಿದ್ದೆ.

‘ಅರ್ಥವಾಯ್ತಾ?’

‘ಹೂಂ’ ಎಂದೆ. ಒಂದಕ್ಷರವೂ ಆಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಇಷ್ಟು ವರ್ಷವೂ ಹೀಗೇ ತಲೆಯಾಡಿಸಿದ ಮಕ್ಕಳನ್ನೆಲ್ಲ ನಾನು ನಂಬಿಕೊಂಡೇ ಬಂದಿದ್ದೆ.