ದೊಡ್ಡತ್ತೆಯ ಮಂಡಿ ಮತ್ತು ಗ್ಲಾಡಿಯೋಲಸ್ ಗೆಡ್ಡೆ

ನಮ್ಮ ದೊಡ್ಡತ್ತೆಯ ಮನೆಯಲ್ಲಿ ಈರುಳ್ಳಿ ಹೆಚ್ಚಬೇಕಾದರೆ ಮೊದಲು ಅವರನ್ನೊಂದು ಮಾತು ಕೇಳಬೇಕು! ನಗಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ದೊಡ್ಡತ್ತೆ ಅಂದರೆ ನಮ್ಮ ಮಾವನವರ ಅಕ್ಕ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಬೇಸಿಗೆಯಲ್ಲಿ ಹೂವಿನ ಗೆಡ್ಡೆಗಳನ್ನೆಲ್ಲ ಕಿತ್ತು, ಒಣಗಿಸಿ, ದಸರಾ ಮಳೆ ನಿಂತು ಮತ್ತೆ ನೆಡುವವರೆಗೂ ಗಾಳಿಯಾಡುವ ಜಾಗದಲ್ಲಿ ಇಡುತ್ತಾರೆ. ಆ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗಾಳಿಯಾಡುವ ಜಾಗ ಯಾವುದು ಗೊತ್ತೆ? ಅಡುಗೆಮನೆಯ ಈರುಳ್ಳಿ ಬುಟ್ಟಿ!

ಮದುವೆಯಾದ ಹೊಸತು. ಉಪ್ಪಿಟ್ಟು ಮಾಡಿ ಮೆಚ್ಚಿಸೋಣವೆಂದು ಹೊರಟೆ. ಕಂದು ಸಿಪ್ಪೆ ಸುಲಿದೆ, ಹೆಚ್ಚಿದೆ. ಒಳಗೆ ಪದರವಿಲ್ಲ, ಕಣ್ಣೂ ಉರಿಯಲಿಲ್ಲ. ಮೈಸೂರಿನ ಈರುಳ್ಳಿ ಎಷ್ಟು ಸಾಧು ಅಂದುಕೊಂಡೆ! ಅಷ್ಟರಲ್ಲಿ ಹಿಂದಿನಿಂದ ಒಂದು ಆರ್ತನಾದ.

"ಅಯ್ಯೋ, ಕೆಂಪು ಗ್ಲಾಡಿಯೋಲಸ್ ಕಣಮ್ಮ ಅದು! ಕೊಚ್ಚಾಕ್ಬುಟ್ಯಲ್ಲ!"

ಆ ಹೊತ್ತಿನಿಂದ, ಕಾನ್ವೆಂಟಿನಲ್ಲಿ ಓದಿ ಬಂದಿದ್ದ ನನಗೆ 'ಕಾನ್ವೆಂಟಮ್ಮ' ಎಂದು ಹೆಸರಾಯಿತು. ಹೋಳುಗಳನ್ನು ಅವರು ಬಾಳೆಲೆಯಲ್ಲಿ ಸುತ್ತಿ ಹಿತ್ತಲಲ್ಲಿ ಹೂತರು. ಉಪ್ಪಿಟ್ಟನ್ನು ಈರುಳ್ಳಿಯಿಲ್ಲದೆ ತಿಂದೆವು!

ಗೆಡ್ಡೆಯನ್ನು ನೆಟ್ಟು ಸುಮ್ಮನಿರುವ ಜಾಯಮಾನವೂ ಅವರದಲ್ಲ. ಎಂಟನೆಯ ದಿನ ಮೆಲ್ಲಗೆ ಮಣ್ಣು ಸರಿಸಿ, ಬೇರು ಬಿಟ್ಟಿದೆಯೇ ಎಂದು ನೋಡಿ, ಮತ್ತೆ ಮುಚ್ಚುತ್ತಾರೆ.

"ಒಳಗೆ ಏನ್ಮಾಡ್ತಾ ಅವೆ ಅಂತ ನೋಡ್ಬೇಡ್ವಾ?" ಎಂಬುದು ಅವರ ವಾದ.

"ಅತ್ತೆ, ನೀವು ಮಲಗಿದ್ದಾಗ ತಟ್ಟಿ ಎಬ್ಬಿಸಿ, ನಿದ್ದೆ ಬಂತಾ ಅಂತ ಕೇಳಿದ್ರೆ ಹೆಂಗಿರುತ್ತೆ?" ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು.

"ಕೇಳೋರು ಒಬ್ರು ಇದ್ದಾರಲ್ಲ ಅಂತ ಸಂತೋಷ ಆಗುತ್ತೆ ಕಣೋ!"

ಇನ್ನು ದಸರಾ ಫಲಪುಷ್ಪ ಪ್ರದರ್ಶನ. ಎಲ್ಲರೂ ಹೂವಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ನಮ್ಮ ದೊಡ್ಡತ್ತೆ ಕುಂಡದ ಮಣ್ಣಿಗೆ ತೋರುಬೆರಳನ್ನು ಎರಡು ಗೆಣ್ಣು ಇಳಿಸಿ ಕಣ್ಣು ಮುಚ್ಚಿ ನಿಂತಿದ್ದರು. ಕಾವಲುಗಾರ ಓಡಿಬಂದ. "ಅಜ್ಜಿ, ಹೂ ಮುಟ್ಬಾರ್ದು!"

"ನಾನೆಲ್ಲಪ್ಪ ಹೂ ಮುಟ್ಟಿದೆ? ನಿಮ್ಮ ಸಾಹೇಬ್ರಿಗೆ ಹೇಳು, ಗೊಬ್ಬರ ಜಾಸ್ತಿ ಆಗಿದೆ."

ಇಂಥವರಿಗೆ ಈ ವರ್ಷ ಮಂಡಿ ಕೈಕೊಟ್ಟಿತು. ಎರಡೂ ಮಂಡಿ ಬದಲಿಸಬೇಕೆಂದು ಡಾಕ್ಟರು ಹೇಳಿದಾಗ ಅವರು ಹೆದರಲಿಲ್ಲ. "ಹಳೇದು ಸವೆದ್ರೆ ಹೊಸದು ಹಾಕ್ಬೇಕಪ್ಪ" ಎಂದು ತಾವೇ ಸಮಾಧಾನ ಹೇಳಿದರು. ಡಾಕ್ಟರು ಆಮೇಲೆ ಇನ್ನೊಂದು ಮಾತು ಹೇಳಿದರು. "ಆಪರೇಷನ್ ಆದ್ಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲಮ್ಮ. ಯಾವತ್ತೂ."

"ಮತ್ತೆ ಗೆಡ್ಡೆ ನೆಡೋದು?"

"ಬೇರೆಯವರ ಕೈಲಿ ನೆಡಿಸಿ."

ಹಸಿವಾದಾಗ ಬೇರೆಯವರ ಕೈಲಿ ಊಟ ಮಾಡಿಸಿ ಎಂದವರನ್ನು ಹೇಗೆ ನೋಡುತ್ತೇವೆ? ದೊಡ್ಡತ್ತೆ ಡಾಕ್ಟರನ್ನು ಹಾಗೆ ನೋಡಿದರು. ಮನೆ ಬಂದಕೂಡಲೇ ಅಪ್ಪಣೆ ಹೊರಟಿತು: ಸೋಮವಾರ ಆಸ್ಪತ್ರೆ; ಭಾನುವಾರ ಎಲ್ಲ ಗೆಡ್ಡೆಯೂ ಮಣ್ಣಿನೊಳಗೆ ಇರಬೇಕು. ನೆಡುವವಳು ನಾನು!

ಭಾನುವಾರ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೋಲು ಹಿಡಿದು ಕೂತರು. ನಾನು ಮಣ್ಣಿನಲ್ಲಿ.

"ನೆಲಕ್ಕೆ ನೋವಾಗುತ್ತೇನೋ ಅಂತ ಅಗೀಬೇಡ. ಇನ್ನೂ ಆಳ. ಸ್ಕೂಲಲ್ಲಿ ನಿಮ್ಮ ಸಿಸ್ಟರುಗಳು ಏನ್ ಕಲಿಸಿದ್ರೇ ನಿಂಗೆ?"

"ಕಸೂತಿ, ಅತ್ತೆ."

"ಅದಕ್ಕೇ ಮಣ್ಣಿಗೆ ಹೊಲಿಗೆ ಹಾಕ್ತಾ ಕೂತಿದ್ದೀಯ!"

ಡೇಲಿಯಾ ಮುಗಿಯಿತು. ವರ್ಷಗಟ್ಟಲೆ ಒಂದೇ ಕಡೆ ಗುಡ್ಡೆಗಟ್ಟಿದ್ದ ಜರ್ಬೆರಾವನ್ನು ಸೀಳಿ ಬೇರೆಬೇರೆ ನೆಟ್ಟದ್ದೂ ಆಯಿತು. ಗ್ಲಾಡಿಯೋಲಸ್ ಒಂದನ್ನು ತಲೆಕೆಳಗಾಗಿ ಇಟ್ಟೆ. ಕೋಲು ಬಂದು ನನ್ನ ಮೊಣಕೈಗೆ ತಾಗಿತು. "ಅದು ಶೀರ್ಷಾಸನ ಹಾಕ್ಬೇಕಾ?" ಪರವಾಗಿಲ್ಲ, ಮಧ್ಯಾಹ್ನದ ಹೊತ್ತಿಗೆ ನನ್ನ ಸಾಲು ನೆಟ್ಟಗಾಗಿತ್ತು. ನಾನೇ ಹೇಳಿಕೊಳ್ಳಬಾರದು, ಆದರೆ ಅವರೂ ಎರಡು ಸಲ ಬೈಯುವುದನ್ನು ಮರೆತರು!

ಸಂಜೆ ಐದೇ ಐದು ಗೆಡ್ಡೆ ಉಳಿದವು.

"ಸಾಕು ನಿಲ್ಸು. ನನ್ನ ಕೆಳಗಿಳಿಸು."

"ಅತ್ತೆ, ಮಂಡಿ!"

"ನಾಳೆ ಹೋಗೋ ಮಂಡಿ ಕಣೇ. ಅದಕ್ಕೆ ಇವತ್ತೇನು ಮರ್ಯಾದೆ!"

ನಮ್ಮ ಯಜಮಾನರು ಒಂದು ತೋಳು, ನಾನು ಇನ್ನೊಂದು. ಗೋಣಿಚೀಲ ಹಾಸಿ ಕೂರಿಸುವಷ್ಟರಲ್ಲಿ ನಾವಿಬ್ಬರೂ ಬೆವೆತಿದ್ದೆವು. ಅವರು ತುಟಿ ಕಚ್ಚಿಕೊಂಡಿದ್ದರು. ಆಮೇಲೆ ಬೆರಳುಗಳು ತಾವಾಗಿಯೇ ಹೊರಟವು. ಗುಳಿ, ಗೆಡ್ಡೆ, ಮಣ್ಣು, ಅಂಗೈಯಿಂದ ಒಂದೇ ಒಂದು ತಟ್ಟು. ನಾನು ಪ್ರತಿಯೊಂದನ್ನೂ ಏಳೆಂಟು ಸಲ ತಟ್ಟಿದ್ದೆ. ಐದೂ ಐದು ನಿಮಿಷದಲ್ಲಿ ಮುಗಿದವು.

"ಏಳಿ ಅತ್ತೆ, ಆಯ್ತಲ್ಲ" ಎಂದು ಯಜಮಾನರು ಕೈ ಚಾಚಿದರು.

ಅವರು ಏಳಲಿಲ್ಲ. ಮಣ್ಣಾದ ಅಂಗೈ ನೆಲದ ಮೇಲೆಯೇ ಇತ್ತು. ಮನೆಮಂದಿಗೆಲ್ಲ ಅಪ್ಪಣೆ ಕೊಡಿಸುತ್ತಿದ್ದ ಆ ದನಿ ಇಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

"ಇನ್ನೊಂಚೂರು ಹೊತ್ತು ಕೂತಿರ್ಲೇನೋ?"

ಯಜಮಾನರು ಗೇಟಿನ ದೀಪ ಹಾಕಿ ಬರುತ್ತೇನೆಂದು ಹೋದವರು ಬಹಳ ಹೊತ್ತು ಬರಲೇ ಇಲ್ಲ. ನಾನು ದೊಡ್ಡತ್ತೆಯ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕೂತೆ. ಅವರು ಗೋಣಿಚೀಲದ ಒಂದು ಅಂಚನ್ನು ನನ್ನ ಕಡೆ ನೂಕಿದರು. "ಸೀರೆ ಮಣ್ಣಾಗುತ್ತೆ, ಇದರ ಮೇಲೆ ಕೂತ್ಕೊಳಮ್ಮ."

"ಬೇಡ ಅತ್ತೆ, ಮಣ್ಣು ತಣ್ಣಗೆ ಹಿತವಾಗಿದೆ" ಅಂದೆ.

ಅವರು ನನ್ನನ್ನೊಮ್ಮೆ ನೋಡಿದರು. ನನ್ನ ಭುಜ ಹಿಡಿದು ಒಂದು ಕಡೆಗೆ ವಾಲಿ, ಚೀಲವನ್ನು ತಮ್ಮ ಕೆಳಗಿನಿಂದ ಎಳೆದು ಆಚೆಗಿಟ್ಟು, ತಾವೂ ಬರಿಯ ಮಣ್ಣಿನ ಮೇಲೆ ಕೂತರು.