ಕೆಂಪು ಚುಕ್ಕಿಗೆ ಮುದಿ ಸೆಲ್ಲು

ಕರೆಂಟು ಹೋಯಿತು, ಬೆಳಕಿಲ್ಲ ಎಂದು ಗೋಳಾಡುವವರು ಬೀದರಿನಲ್ಲಿ ಗಲ್ಲಿಗೆ ಹತ್ತು ಜನ ಸಿಗುತ್ತಾರೆ. ಬೆಳಕು ಹೆಚ್ಚಾಯಿತು ಎಂದು ಗೋಳಾಡಿದವರು ಮಾತ್ರ ಮೈಲೂರಿನ ರಿಚರ್ಡ ಮಾಸ್ತರರೊಬ್ಬರೇ. ಅದೂ ಎಂಥ ಬೆಳಕು? ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಕೆಂಪು ಚುಕ್ಕಿ.

ಮಾಸ್ತರರು ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಗ್ರಹತಾರೆಗಳನ್ನು ಬರೆದು ಬರೆದು ಬೇಸತ್ತು, ಈ ವರ್ಷ ಒಂದು ದುರ್ಬೀನು ತರಿಸಿಕೊಂಡಿದ್ದರು. ದುರ್ಬೀನಿನ ನೆತ್ತಿಯ ಮೇಲೆ ರೆಡ್ ಡಾಟ್ ಫೈಂಡರ್ ಎಂಬ ಪುಟ್ಟ ಗಾಜಿನ ಕಿಟಕಿ. ಅದರೊಳಗೆ ಇಣುಕಿದರೆ ಆಕಾಶದ ಮೇಲೆ ಕೆಂಪು ಚುಕ್ಕಿಯೊಂದು ಕಾಣುತ್ತದೆ. ಚುಕ್ಕಿಯನ್ನು ಯಾವ ನಕ್ಷತ್ರದ ಮೇಲೆ ಕೂರಿಸುತ್ತೀರೋ ದುರ್ಬೀನು ಅದನ್ನೇ ನೋಡುತ್ತದೆ. ಮಾಸ್ತರರ ಚುಕ್ಕಿಯ ತೊಂದರೆಯೆಂದರೆ, ಗುಂಡಿಯನ್ನು ಎಷ್ಟೇ ಕೆಳಗೆ ತಿರುಗಿಸಿದರೂ ಅದು ಒಲೆಯೊಳಗಿನ ಕೆಂಡದಂತೆ ಉರಿಯುತ್ತಿತ್ತು. ಅದು ಕೂತ ಕಡೆ ನಕ್ಷತ್ರವೇ ಮಾಯ.

ಡಿಸೆಂಬರ್ ಮೊದಲ ವಾರ ಹೆಂಡತಿ ರೂತಮ್ಮನವರ ತಮ್ಮ ಜೋಯಲ ಔರಾದದಿಂದ ಬಂದಾಗ ಈ ಚುಕ್ಕಿ ಮಾಸ್ತರರ ಮಾನ ಕಳೆಯಿತು. ಮಹಾವ್ಯಾಧನೆಂಬ ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳ ಕೆಳಗೆ ಇರುವ ನೀಹಾರಿಕೆಯನ್ನು, ಅಂದರೆ ಹೊಸ ನಕ್ಷತ್ರಗಳು ಹುಟ್ಟುವ ಮೋಡವನ್ನು, ತೋರಿಸುತ್ತೇನೆಂದು ಅವನನ್ನು ಮಾಳಿಗೆಗೆ ಹತ್ತಿಸಿದರು. ಒಂದು ತಾಸು ಹುಡುಕಿದರು. ಸಿಕ್ಕಿದ್ದು ಎದುರು ಮನೆಯ ನೀರಿನ ಟಾಕಿ. (ಅದು ಬಹಳ ಸ್ಪಷ್ಟವಾಗಿ ಕಂಡಿತೆಂಬುದನ್ನು ಒಪ್ಪಿಕೊಳ್ಳಬೇಕು.)

ಜೋಯಲ ಕೆಳಗಿಳಿದು ಅಕ್ಕನಿಗೆ ವರದಿ ಒಪ್ಪಿಸಿದ: "ಅಕ್ಕಾ, ಮಾಸ್ತರ್ ಒಂದ ತಾಸು ನನಗ ಕೆಂಪು ಸಿಗ್ನಲ್ ತೋರಿಸಿದ್ರು. ಹಸಿರ ಆಗ್ಲೇ ಇಲ್ಲ."

ಔರಾದದ ಚರ್ಚಿನ ಶಾಲೆಗೆ ಈ ದುರ್ಬೀನು ಕೊಟ್ಟರೆ ಮಕ್ಕಳಾದರೂ ಆಡಿಕೊಳ್ಳುತ್ತವೆ ಎಂದೂ ಸೇರಿಸಿದ. ರೂತಮ್ಮ ಆಸ್ಪತ್ರೆಯಲ್ಲಿ ಹೆಡ್ ನರ್ಸು. ತೀರ್ಪು ಕೊಡಲು ಅವರಿಗೆ ಎರಡು ನಿಮಿಷ ಸಾಕು. ಕ್ರಿಸ್ಮಸ್ ಮುಗಿದ ಮೇಲಿನ ಭಾನುವಾರ ಜೋಯಲ ಮತ್ತೆ ಬರುತ್ತಾನೆ. ಅಂದು ನೀಹಾರಿಕೆ ಕಂಡರೆ ಸರಿ, ಕಾಣದಿದ್ದರೆ ದುರ್ಬೀನು ಅವನ ಜೀಪಿನಲ್ಲಿ ಔರಾದಕ್ಕೆ.

ಮಾಸ್ತರರು ಆ ಕ್ಷಣದಿಂದ ಕೆಂಪು ಚುಕ್ಕಿಯ ಮೇಲೆ ಮಹಾಯುದ್ಧ ಸಾರಿದರು. ಮೊದಲು ಗಾಜಿಗೆ ಕಪ್ಪು ಮಾರ್ಕರ್ ಬಳಿದರು. ಚುಕ್ಕಿ ತಗ್ಗಿತು, ಜೊತೆಗೆ ಆಕಾಶವೂ ಕಪ್ಪಾಯಿತು. ಅದನ್ನು ಒರೆಸಿ, ಮಗಳು ಎಲೀನಾಳ ಉಗುರುಬಣ್ಣವನ್ನು ಚುಕ್ಕಿ ಮೂಡಿಸುವ ದೀಪದ ಮೂತಿಗೆ ಹಚ್ಚಿದರು. ಚುಕ್ಕಿ ಬೋರೆಹಣ್ಣಿನಷ್ಟು ಉಬ್ಬಿ, ಇಡೀ ಮಹಾವ್ಯಾಧನನ್ನೇ ನುಂಗಿತು. ಎಲೀನಾ ಎರಡು ದಿನ ಅಪ್ಪನೊಂದಿಗೆ ಮಾತು ಬಿಟ್ಟಳು.

ಕೊನೆಗೆ, ಜೋಯಲ ಬರುವ ಹಿಂದಿನ ದಿನ, ಟೀವಿ ರಿಪೇರಿಯ ಕರೀಮ ಸಾಬರ ಅಂಗಡಿಗೆ ಹೋದರು. ಸಾಬರು ಕನ್ನಡಕ ಏರಿಸಿ, ಫೈಂಡರನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆಳಕು ಕಮ್ಮಿ ಮಾಡಿಕೊಡಿ ಎಂದು ಬಂದ ಗಿರಾಕಿ ತಮ್ಮ ನಲವತ್ತು ವರ್ಷದ ದುಕಾನದಲ್ಲಿ ಇವರೊಬ್ಬರೇ ಎಂದರು. ಬೆಳಕು ತಗ್ಗಿಸಲು ಒಳಗೆ ಕೂರಿಸುವ ಸಾಮಾನು ಹೈದರಾಬಾದಿನಿಂದ ಬರಬೇಕು, ಅದಕ್ಕೆ ಹೊಸ ವರ್ಷ ಕಳೆಯಬೇಕು. ಮಾಸ್ತರರ ಮುಖ ಬಾಡಿದ್ದು ಕಂಡು ಅವರಿಗೇ ಕನಿಕರವಾಯಿತು.

"ಸೆಲ್ ತಾಜಾ ಅದ ಮಾಸ್ತರ್, ಜವಾನ ಅದ. ಅದಕ್ಕೇ ಇಷ್ಟು ಜೋರ ಮಾಡ್ತದ. ಇಂಥದೇ ಮುದುಕ ಸೆಲ್ ಒಂದು ಹುಡುಕಿ ಹಾಕ್ರಿ, ತಾನೇ ಸುಮ್ಮನ ಆಗ್ತದ."

ಗುಂಡಿಯಂಥ ಆ ಸೆಲ್ಲನ್ನು ಮುದಿಯಾಗಿಸಿ ಇಟ್ಟುಕೊಂಡವರು ಯಾರು? ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದ ಮಾಸ್ತರರಿಗೆ ಮನೆಯ ಮೆಟ್ಟಿಲ ಬಳಿ ಥಟ್ಟನೆ ಹೊಳೆಯಿತು. ಅಂಥದೊಂದು ಮಂಚದ ಕೆಳಗೇ ಇತ್ತು, ತೂಕದ ಮಷಿನಿನ ಹೊಟ್ಟೆಯಲ್ಲಿ.

ಇಲ್ಲಿ ಮಾಸ್ತರರ ಒಂದು ಗುಟ್ಟನ್ನು ಬಿಚ್ಚಬೇಕಾಗಿದೆ. ಅವರಿಗೆ ಸಕ್ಕರೆ ಕಾಯಿಲೆ ಕಂಡ ದಿನವೇ ರೂತಮ್ಮ ಆ ಗಾಜಿನ ಮಷಿನು ತಂದಿದ್ದರು. ಪ್ರತಿ ಭಾನುವಾರ ಚರ್ಚಿಗೆ ಹೋಗುವ ಮುನ್ನ ಅದರ ಮೇಲೆ ನಿಲ್ಲಬೇಕು. ಸೆಪ್ಟೆಂಬರಿನಲ್ಲಿ ಎಂಬತ್ತಾರು ಕಿಲೋ ತೋರಿಸಿತ್ತು. ಎಂಬತ್ತೆರಡಕ್ಕೆ ಇಳಿಯುವವರೆಗೆ ಕರ್ಜಿಕಾಯಿಯ ಹೆಸರೆತ್ತಬಾರದು ಎಂದು ಆಜ್ಞೆಯಾಗಿತ್ತು. ಅಕ್ಟೋಬರಿನಲ್ಲಿ ಸೆಲ್ಲು ಸೊರಗಿ ಮಷಿನಿನ ಅಂಕಿಗಳು ಮಂಕಾಗಿ, ಒಂದು ದಿನ ಬರುವುದೇ ನಿಂತವು. ಮಷಿನೇ ಸುಟ್ಟುಹೋಗಿದೆ, ರಿಪೇರಿ ಬೀದರಿನಲ್ಲೂ ಆಗುವುದಿಲ್ಲ, ಭಾಲ್ಕಿಯಲ್ಲೂ ಆಗುವುದಿಲ್ಲ ಎಂದು ಮಾಸ್ತರರು ವಿಜ್ಞಾನಿಯ ಗಾಂಭೀರ್ಯದಿಂದ ಸಾರಿದರು. ರೂತಮ್ಮ ನಂಬಿದರು. ಅಲ್ಲಿಂದ ಭಾಲ್ಕಿ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯವನಿಗೂ ಮಾಸ್ತರರಿಗೂ ಗಾಢ ಸ್ನೇಹ ಬೆಳೆಯಿತು.

ಭಾನುವಾರ ಮಧ್ಯಾಹ್ನ ರೂತಮ್ಮ ಅಡುಗೆಮನೆಯಲ್ಲಿದ್ದಾಗ ಮಾಸ್ತರರು ಬಾಗಿಲು ಹಾಕಿಕೊಂಡು ಮಂಚದ ಕೆಳಗೆ ತೆವಳಿದರು. ಮಷಿನಿನಿಂದ ಮುದಿ ಸೆಲ್ಲು ತೆಗೆದು ಫೈಂಡರಿಗೆ ಹಾಕಿದರು. ಅಬ್ಬಾ! ಚುಕ್ಕಿ ಇದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗೆ, ಬೂದಿ ಮುಚ್ಚಿದ ಕಿಡಿಯಷ್ಟೇ ಕೆಂಪಗೆ ಮಿನುಗಿತು. ಮಾಸ್ತರರ ಕಣ್ಣಲ್ಲಿ ನೀರು ಬಂತು.

ಇನ್ನು ಕೈಯಲ್ಲಿ ಉಳಿದ ತಾಜಾ ಸೆಲ್ಲು. ಶಾಲೆಯ ಪ್ರಯೋಗಶಾಲೆಯಲ್ಲಿ ಅವರದೊಂದು ಕಟ್ಟುನಿಟ್ಟಾದ ಕಾನೂನಿದೆ: ಒಂದು ಸಾಮಾನು ತೆಗೆದ ಜಾಗವನ್ನು ಖಾಲಿ ಬಿಡಬಾರದು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ಹಿಂಡಿ ಈ ಕಾನೂನು ಅವರ ಬೆರಳುಗಳಿಗೇ ಇಳಿದುಬಿಟ್ಟಿತ್ತು. ತಾಜಾ ಸೆಲ್ಲನ್ನು ಮಷಿನಿನಲ್ಲಿ ಕೂರಿಸಿ, ಮುಚ್ಚಳ ಹಾಕಿ, ಮಂಚದ ಕೆಳಗೆ ತಳ್ಳಿ, ಹಾಡು ಗುನುಗುತ್ತ ಮಾಳಿಗೆ ಹತ್ತಿದರು.

ಸಂಜೆ ಜೋಯಲ ಹೆಂಡತಿ ಮಕ್ಕಳೊಂದಿಗೆ ಬಂದ. ಬರುವಾಗಲೇ ದುರ್ಬೀನು ಕಟ್ಟಲು ಹಗ್ಗ ತಂದಿದ್ದ. ಎಂಟು ಗಂಟೆಗೆ ಪೂರ್ವದಲ್ಲಿ ಮಹಾವ್ಯಾಧ ಮೇಲೇರಿದ. ಮಾಸ್ತರರು ಮೆತ್ತನೆಯ ಚುಕ್ಕಿಯನ್ನು ಅವನ ಸೊಂಟದ ಕೆಳಗಿನ ಮಸುಕಾದ ನಕ್ಷತ್ರದ ಮೇಲೆ ಕೂರಿಸಿದರು, ಅರ್ಧ ನಿಮಿಷವೂ ಹಿಡಿಯಲಿಲ್ಲ. ಜೋಯಲ ನಗುತ್ತಲೇ ಬಗ್ಗಿ ಕಣ್ಣಿಟ್ಟ. ನಗು ನಿಂತಿತು. ಬಹಳ ಹೊತ್ತು ಅವನು ಕಣ್ಣು ತೆಗೆಯಲೇ ಇಲ್ಲ.

"ಅಕ್ಕಾ, ಹೊಗಿ ನಿಂತಂಗ ಅದ. ನಡುವ ನಾಕು ಸಣ್ಣ ಚಿಕ್ಕಿ ಅವ," ಎಂದ ಮೆಲ್ಲಗೆ. "ಮಾಸ್ತರ್, ನಂದು ತಪ್ಪಾಯ್ತು. ಇದು ನಿಮ್ಮ ಕೈಯಾಗೇ ಇರಬೇಕ್ರಿ."

ರೂತಮ್ಮನೂ ನೋಡಿದರು. ಗಂಡನ ಕಡೆ ತಿರುಗಿದಾಗ ಅವರ ಮುಖದಲ್ಲಿ ಮದುವೆಯಾದ ಹೊಸತರಲ್ಲಿದ್ದ ಬೆರಗಿತ್ತು. ಮಾಸ್ತರರಿಗೆ ಇಡೀ ಬೀದರ ಕೋಟೆಯನ್ನೇ ಗೆದ್ದಂತಾಯಿತು. ಕೆಳಗಿಳಿದ ಮೇಲೆ ರೂತಮ್ಮ ತಾವೇ ತಟ್ಟೆಯಲ್ಲಿ ನಾಲ್ಕು ಕರ್ಜಿಕಾಯಿ ಇಟ್ಟು, "ಇವತ್ತ ತಿನ್ರಿ ಎಲೀನಾನ ಪಪ್ಪಾ, ನಾ ಏನೂ ಅನ್ನಂಗಿಲ್ಲ" ಎಂದರು.

ಗೆದ್ದವರು ಸುಮ್ಮನಿರಬೇಕು. ಮಾಸ್ತರರು ಭಾಷಣಕ್ಕೆ ನಿಂತರು. ಬೆಳಕಿನ ಸ್ವಭಾವ, ಕಣ್ಣಿನ ಪಾಪೆ, ಮುದಿ ಸೆಲ್ಲಿನ ಮಹಿಮೆ ಎಲ್ಲ ವಿವರಿಸಿದರು. ಅಂಥ ಸೆಲ್ಲು ಎಲ್ಲಿ ಸಿಕ್ಕಿತು ಎಂದು ಜೋಯಲ ಭಕ್ತಿಯಿಂದಲೇ ಕೇಳಿದ. ಮಾಸ್ತರರು ಕರ್ಜಿಕಾಯಿಯ ತಟ್ಟೆ ಎತ್ತಿಕೊಂಡರು. ಅವರ ಕಣ್ಣು ಮಾತ್ರ ಒಂದು ಸಲ ಒಳಕೋಣೆಯ ಮಂಚದ ಕಡೆ ಹೋಗಿ ಬಂತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ನರ್ಸಿಗೆ ಅಷ್ಟು ಸಾಕಾಯಿತು.

ರೂತಮ್ಮ ಒಳಗೆ ಹೋಗಿ ಮಷಿನು ಎಳೆದು ತಂದು ನಡುಮನೆಯಲ್ಲಿಟ್ಟು ಕಾಲಿನಿಂದ ಮುಟ್ಟಿದರು. ತಾಜಾ ಸೆಲ್ಲು ತನ್ನ ಜವಾನಿಯನ್ನೆಲ್ಲ ತೋರಿಸಿ ಫಳ್ಳನೆ ಸೊನ್ನೆ ಬೆಳಗಿಸಿತು.

"ಹತ್ರಿ," ಎಂದರು.

ಮಾಸ್ತರರು ತಟ್ಟೆ ಕೆಳಗಿಟ್ಟು ಹತ್ತಿದರು. ತೊಂಬತ್ತೊಂದು ಪಾಯಿಂಟ್ ನಾಲ್ಕು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಜೋಯಲನ ಸಣ್ಣ ಮಗಳೂ ಅಲ್ಲಿಂದಲೇ ಅಂಕಿ ಓದಿ ಹೇಳಿದಳು.

ರೂತಮ್ಮ ಕೂಗಾಡಲಿಲ್ಲ. ಏನೂ ಅನ್ನುವುದಿಲ್ಲ ಎಂದಮೇಲೆ ಆ ಮಾತಿನಂತೆ ನಡೆಯುವವರು ಅವರು. ತಟ್ಟೆಯ ನಾಲ್ಕನ್ನೂ ಕರ್ಜಿಕಾಯಿಯ ಡಬ್ಬಿಗೆ ಸೇರಿಸಿ, ಮುಚ್ಚಳ ಒತ್ತಿ, ತಮ್ಮನ ಕೈಗೆ ಕೊಟ್ಟರು.

"ದುರ್ಬೀನ ಇಲ್ಲೇ ಇರ್ತದ. ಕರ್ಜಿಕಾಯಿ ಔರಾದಕ್ಕ ಹೋಗ್ತಾವ."

ಡಬ್ಬಿ ಜೀಪಿನೊಳಗೆ ಹೋಯಿತು. ಜೋಯಲ ತಂದ ಹಗ್ಗ ಅದನ್ನು ಕಟ್ಟಲು ಉಪಯೋಗವಾಯಿತು. ಮಾಸ್ತರರು ಮಾಳಿಗೆಯ ಮೇಲೆ ತಮ್ಮ ದುರ್ಬೀನಿನ ಹೆಗಲ ಮೇಲೆ ಕೈಯಿಟ್ಟು, ಜೀಪು ಗಲ್ಲಿಯ ತಿರುವು ದಾಟುವವರೆಗೂ ನೋಡಿದರು. ಅದರ ಹಿಂದಿನ ಎರಡು ಕೆಂಪು ದೀಪಗಳು ಬಹಳವೇ ಜೋರಾಗಿ ಉರಿಯುತ್ತಿವೆ ಎಂದು ಅವರಿಗೆ ಅನ್ನಿಸಿತು.